ತಾಯಿಮೀನುಗಳಿಗೆ ನಾರಿನ ಪುಡಿ

ನನ್ನ ಮಾವನಿಗೂ ನಮ್ಮ ಯಜಮಾನರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಒಂದೇ ಶೆಡ್ಡಿನಲ್ಲಿ ಮೀನು ಸಾಕುತ್ತಿದ್ದರು, ಆದರೆ ಅಪ್ಪ ಮಗ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹೇಳುವುದೆಲ್ಲ ನನ್ನ ಮೂಲಕ. “ನಿನ್ನ ಗಂಡನಿಗೆ ಹೇಳು, ಪಂಪು ಗೊರಗೊರ ಅಂತಿದೆ” ಅಂತ ಮಾವ ಅಂದರೆ, ಎದುರಿಗೇ ಕೂತ ಯಜಮಾನರು ತಟ್ಟೆ ನೋಡುತ್ತ, “ನೋಡಿದ್ದೀನಿ ಅಂತ ನಿನ್ನ ಮಾವನಿಗೆ ಹೇಳು” ಅನ್ನುವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಬಡವಾದವಳು ಸೊಸೆ.

ಜಗಳಕ್ಕೆ ಕಾರಣ ಮನೆಯ ಹಿಂದೆ ಮಾವ ಮೀನು ಸಾಕುತ್ತಿದ್ದ ಮಣ್ಣಿನ ಹೊಂಡ. ಮಾವ ಆಸ್ಪತ್ರೆಯಲ್ಲಿದ್ದಾಗ ಯಜಮಾನರು ಅವರನ್ನೊಂದು ಮಾತೂ ಕೇಳದೆ ಅದನ್ನು ಮುಚ್ಚಿಸಿ, ಶೆಡ್ಡು ಹಾಕಿಸಿ, ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿದರು. ಮನೆಗೆ ಬಂದ ಮಾವ ಸಿಮೆಂಟನ್ನು ನೋಡಿದರು, ಮಗನನ್ನು ನೋಡಿದರು, ಬಾಯಿಗೆ ಬೀಗ ಹಾಕಿಕೊಂಡರು. ಮಗ ಅದೇ ಅಪ್ಪನ ಮಗ ತಾನೆ, ಅವರೂ ಹಾಕಿಕೊಂಡರು. ಒಂದೇ ಒಂದು ಮಾತು ಇವರಿಬ್ಬರು ನೇರವಾಗಿ ಆಡಿಬಿಡಲಿ, ಬೈಗುಳವಾದರೂ ಸರಿ ಅಂತ ನಾನು ಹಾರೈಸದ ದಿನವಿರಲಿಲ್ಲ.

ಕೊನೆಯ ತೊಟ್ಟಿಯಲ್ಲಿ ತಾಯಿಮೀನುಗಳಿದ್ದವು. ಮಾವ ಆ ಹೊಂಡದಲ್ಲಿ ಬೆರಳುದ್ದದಿಂದ ಬೆಳೆಸಿದ ದೊಡ್ಡ ಗೆಂಡೆಮೀನುಗಳು. ಅವು ಮೊಟ್ಟೆಯಿಟ್ಟರೇ ನಮಗೆ ಮುಂದಿನ ಮರಿಗಳು. ಸಿಮೆಂಟಿಗೆ ಬಂದ ಮೇಲೆ ಅವು ಮಂಕಾಗುತ್ತ ಬಂದವು, ಆಮೇಲೆ ಹಿಂದೆ ಬಿಳಿ ದಾರದಂಥ ಹಿಕ್ಕೆ ನೇತಾಡತೊಡಗಿತು. ಮೀನಿನ ಡಾಕ್ಟರಮ್ಮ ಬಂದು ನೋಡಿ, ಹೊಂಡದಲ್ಲಾದರೆ ಪಾಚಿ, ಕೊಳೆತ ಸೊಪ್ಪು ತಿನ್ನುತ್ತಿದ್ದವು, ಇಲ್ಲಿ ಬರೀ ಕಾಳು ಮೇವು, ಹೊಟ್ಟೆಗೆ ನಾರೇ ಇಲ್ಲ ಅಂದರು. ಮೇವಿಗೆ ಬೆರೆಸಲು ನಾರಿನ ಪುಡಿ ಕೊಟ್ಟರು. ಬೆಳಗಿನ ಒಂದು ಬಕೆಟ್ ಮೇವಿಗೆ ಒಂದೇ ಲೋಟ, ನೀರು ಚಿಮುಕಿಸಿ, ನೆನೆದ ಮೇಲೆ ಹಾಕಬೇಕು.

ಮಾವನ ಮುಖ ಅರಳಿತು. ಹೊಂಡ ಗೆದ್ದಿತ್ತಲ್ಲ! ಅವರೂ ರಾತ್ರಿ ಮಲಗುವ ಮುಂಚೆ ಅಂಥದೇ ಪುಡಿ ಕುಡಿಯುವವರು; ಬೆಳಿಗ್ಗೆ ಅದರ ಫಲಿತಾಂಶವನ್ನು ಮನೆಮಂದಿಗೆಲ್ಲ ವರದಿ ಮಾಡುವವರು. ಯಜಮಾನರ ಮುಖ ಮಾತ್ರ ಸಪ್ಪಗಾಯಿತು. ತನ್ನ ತೊಟ್ಟಿಯಲ್ಲಿ ಕೆಟ್ಟ ಮೀನನ್ನು ತಾನೇ ಸರಿಮಾಡಬೇಕು ಅನ್ನುವ ಹಟ ಆಗಲೇ ಹಿಡಿಯಿತೆಂದು ಕಾಣುತ್ತದೆ. ಪುಡಿ ಯಾರು ಬೆರೆಸುವುದು ಅಂತ ಡಾಕ್ಟರಮ್ಮ ಹೇಳಲಿಲ್ಲ. ಪಂಪಿನ ಸದ್ದನ್ನೂ ನನ್ನ ಕೈಲಿ ಹೇಳಿಕಳಿಸುವ ಈ ಗಂಡಸರು ಅದೊಂದನ್ನು ಹೇಳಿಕಳಿಸಲಿಲ್ಲ. ನಾನೋ ಬೆಳಗಾದರೆ ಮಾರುಕಟ್ಟೆಯ ನಮ್ಮ ಅಂಗಡಿಗೆ ಮೀನು ಕೊಯ್ಯಲು ಹೊರಡುವವಳು.

ಮೊದಮೊದಲು ದಾರ ಮಾಯವಾಯಿತು. ಮೀನುಗಳು ಮೇವಿಗೆ ಮುಗಿಬಿದ್ದವು. ಮಾವ ಗುನುಗತೊಡಗಿದರು, ಯಜಮಾನರು ಸಿಳ್ಳೆ ಹಾಕತೊಡಗಿದರು. ಇಬ್ಬರೂ ಒಳಗೊಳಗೇ ಬೀಗುತ್ತಿದ್ದರು, ನನಗೆ ಕಾರಣ ತಿಳಿಯಲಿಲ್ಲ. ಆಮೇಲೆ ಮೀನುಗಳ ಹೊಟ್ಟೆ ಉಬ್ಬಿತು. ಮೇವು ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳಿದವು. ಒಂದು ಸತ್ತಿತು, ಅದರ ಹಿಂದೆಯೇ ಇನ್ನೊಂದು. ಮಾವ ಅನ್ನ ಬಿಟ್ಟರು. ನನಗೂ ಅಂಗಡಿಯಲ್ಲಿ ಕತ್ತಿ ಹಿಡಿಯಲು ಮನಸ್ಸು ಬರಲಿಲ್ಲ. ಅಂಗಡಿ ಮುಚ್ಚಿ ಡಾಕ್ಟರಮ್ಮನನ್ನು ಮತ್ತೆ ಕರೆಸಿದೆ.

ಅವರು ಸತ್ತ ತಾಯಿಮೀನನ್ನು ಶೆಡ್ಡಿನ ಕಲ್ಲಿನ ಮೇಲಿಟ್ಟು ಸೀಳಿದರು. ಕರುಳಿನ ತುಂಬ ಗಂಜಿಯಂಥ ಅಂಟು ಗಟ್ಟಿಯಾಗಿ ತುಂಬಿಕೊಂಡಿತ್ತು, ಒತ್ತಿದರೂ ಜರುಗಲಿಲ್ಲ. ಡಾಕ್ಟರಮ್ಮ ಗ್ಲೌಸು ತೆಗೆಯುತ್ತ, “ಒಂದು ಲೋಟಕ್ಕೆ ಹೀಗಾಗಲ್ಲ. ಪುಡಿ ಬೆರೆಸ್ತಿದ್ದಿದ್ದು ಯಾರು?” ಅಂದರು.

“ನಾನು” ಅಂದರು ಮಾವ, “ನಾನು” ಅಂದರು ಯಜಮಾನರು, ಇಬ್ಬರೂ ಒಂದೇ ಉಸಿರಿಗೆ.

ಆಮೇಲೆ ಒಂದೊಂದೇ ಹೊರಬಿತ್ತು. ಮಾವ ಎದ್ದ ಕೂಡಲೇ ಲೋಟ ಪುಡಿ ಬೆರೆಸಿ, ನೀರು ಚಿಮುಕಿಸಿ, ಬಕೆಟ್ ಮುಚ್ಚಿಟ್ಟು ಓಡಾಡಲು ಹೋಗುತ್ತಿದ್ದರು. ಯಜಮಾನರು ಬಂದು ಮುಚ್ಚಳ ತೆಗೆಯುತ್ತಿದ್ದರು. ಕಂದು ಮೇವು, ಕಂದು ಪುಡಿ, ಏನು ಕಾಣಬೇಕು? ಮುದುಕರು ನೀರು ಹಾಕಿ ಪುಡಿ ಮರೆತಿದ್ದಾರೆ ಅಂದುಕೊಂಡು ತಮ್ಮದೊಂದು ಲೋಟ ಸುರಿಯುತ್ತಿದ್ದರು. ಕೇಳಬಹುದಿತ್ತು. ಆದರೆ ಕೇಳಿದವನು ಸೋತ ಹಾಗಲ್ಲವೇ? ಹೊಟ್ಟೆ ಉಬ್ಬಿದಾಗ ಪುಡಿ ಸಾಲದೆಂದು ಅವರೂ ಹೆಚ್ಚಿಸಿದರು, ಇವರೂ ಹೆಚ್ಚಿಸಿದರು. ಚೀಲ ಬೇಗ ಇಳಿಯುತ್ತಿದ್ದುದನ್ನು ಇಬ್ಬರೂ ಕಂಡು, ಇಬ್ಬರೂ ಇಲಿಯ ತಲೆಗೆ ಕಟ್ಟಿದ್ದರು.

ಅತಿಯಾದರೆ ಅಮೃತವೂ ವಿಷ ಅಂದರು ಡಾಕ್ಟರಮ್ಮ. ಉಳಿದವಕ್ಕೆ ಮೇವು ನಿಲ್ಲಿಸಿ ಉಪವಾಸ ಕೆಡವಿ, ಬದುಕಿದರೆ ಬದುಕಿಯಾವು, ಈ ಸಲ ಮೊಟ್ಟೆಯ ಆಸೆ ಬಿಡಿ ಅಂತ ಹೇಳಿ ಹೊರಟರು.

ಮಾವ ಸೀಳಿದ ಮೀನಿನ ಕಿವಿರು ಸವರುತ್ತ ನಿಂತಿದ್ದರು. ಅವರ ತುಟಿ ಅದುರುತ್ತಿತ್ತು. ಈಗ ಆಡುತ್ತಾರೆ, ಈಗ ಒಡೆಯುತ್ತದೆ ಅಂತ ಕಾದೆ. ಮಾವ ತಲೆಯೆತ್ತಿ ಮಗನ ಮುಖವನ್ನೇ ನೋಡಿದರು.

“ಇವಳು ದಿನಾ ಇಬ್ಬರ ಮಧ್ಯೆ ಓಡಾಡ್ತಾಳಲ್ಲಪ್ಪಾ. ಇವಳಾದರೂ ಒಂದು ಮಾತು ವಿಚಾರಿಸಬಾರದಿತ್ತಾ?”

ಯಜಮಾನರು ನನ್ನ ಕಡೆ ತಿರುಗಲೂ ಇಲ್ಲ. “ಅದೇ ಅಪ್ಪ ನಾನೂ ಯೋಚಿಸ್ತಿರೋದು. ಬೆಳಗಾದ್ರೆ ಅಂಗಡಿ ಅಂಗಡಿ ಅಂತ ಓಡ್ತಾಳೆ. ಮನೇಲಿ ಏನು ನಡೀತಿದೆ ಅಂತ ಇವಳಿಗೆ ಗೊತ್ತಿದ್ರೆ ತಾನೆ?”

“ನಿನ್ನ ತಪ್ಪಿಲ್ಲ ಬಿಡು” ಅಂದರು ಮಾವ.

“ನಿಂದೂ ಇಲ್ಲಪ್ಪ” ಅಂದರು ಯಜಮಾನರು.

ನನಗೆ ನಖಶಿಖಾಂತ ಉರಿಯಿತು. ನಿಮ್ಮಿಬ್ಬರ ಜಂಬ ಆ ಮೀನಿನ ಹೊಟ್ಟೆಯಲ್ಲಿ ಗಟ್ಟಿಯಾಗಿದೆ, ಕಣ್ಣು ಬಿಟ್ಟು ನೋಡಿ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಇಬ್ಬರೂ ತಲೆ ತಗ್ಗಿಸುತ್ತಿದ್ದರು, ಆಮೇಲೆ ಇನ್ನೆಷ್ಟು ವರ್ಷ ಬಾಯಿ ಮುಚ್ಚುತ್ತಿದ್ದರೋ. ಅದಕ್ಕೆ ಹೆದರಿದೆ. ಬಂದ ಮಾತನ್ನು ನುಂಗಿಕೊಂಡೆ.

“ಹೌದು” ಅಂದೆ. “ನಾನು ಕೇಳಬೇಕಿತ್ತು.”

ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು. ಮಾವ ಸತ್ತ ಮೀನಿನ ತಲೆಯ ಕಡೆ ಹಿಡಿದರು, ಯಜಮಾನರು ಬಾಲದ ಕಡೆ. ಹೊರಗೆ ಗುಂಡಿ ಎಲ್ಲಿ ತೋಡುವುದೆಂದು ಮಾತಾಡಿಕೊಳ್ಳುತ್ತ, ನಾನು ದಾರಿಗಡ್ಡ ನಿಂತಿದ್ದೇನೆಂದು ಸ್ವಲ್ಪ ಸರಿಯಲು ಹೇಳಿ, ಹೊತ್ತುಕೊಂಡು ಹೋದರು.