ವೀರಮ್ಮನ ಹೊಸಿಲು

೨೦೦೩ರ ಬೇಸಿಗೆ ರಜೆಯಲ್ಲಿ ಪವಿತ್ರಾಳ ಸಹಪಾಠಿಗಳು ಹಂಪಿ ನೋಡಿಕೊಂಡು ಹಾಗೇ ಗೋವಾಕ್ಕೆ ಹೋದರು. ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದ ಪವಿತ್ರಾಳನ್ನು ಅವಳ ಅಪ್ಪ ಸಾಲಿಗ್ರಾಮದಿಂದ ಆಚೆಗೆ ಕಳಿಸಿದ್ದು ದೊಡ್ಡವ್ವನ ಮನೆಯಿದ್ದ ಅಂತರಸಂತೆಯ ತನಕ ಮಾತ್ರ.

'ಹಾಳೂರು ನೋಡಕ್ಕೆ ಹಂಪಿ ಯಾಕವ್ವ? ನಿಮ್ಮ ದೊಡ್ಡವ್ವನ ಊರೇ ನೀರಲ್ಲಿ ಮುಳುಗೈತೆ. ಸುತ್ತ ನೀರು, ನಡುವೆ ದ್ವೀಪ, ದಡದಲ್ಲಿ ಮರಳು. ಗೋವಾದಲ್ಲಿ ಇನ್ನೇನೈತೆ?' ಎಂದು ಅಪ್ಪ ಬಸ್ಸು ಹತ್ತಿಸಿದ್ದರು.

ಪವಿತ್ರಾ ಮುಖ ಊದಿಸಿಕೊಂಡೇ ಹೊರಟಳು. ಆದರೆ ಅವಳಿಗೆ ಅಲ್ಲಿ ಬೇರೊಂದು ಕೆಲಸವಿತ್ತು. ಜೂನ್‌ನಲ್ಲಿ ಇತಿಹಾಸ ವಿಭಾಗ ನಡೆಸುವ ಕ್ಷೇತ್ರಕಾರ್ಯ ಶಿಬಿರಕ್ಕೆ ಸೇರಬೇಕಾದರೆ, ಈವರೆಗೆ ಯಾರೂ ದಾಖಲಿಸದ ಒಂದು ವೀರಗಲ್ಲಿನ ಫೋಟೋ ಮತ್ತು ಅಳತೆ ತರಬೇಕಿತ್ತು. ಅಂಥದ್ದೊಂದು ಕಲ್ಲು ದೊಡ್ಡವ್ವ ಚೆಲುವಮ್ಮನ ಹಳೇ ಊರಿನಲ್ಲಿತ್ತು. ಕಬಿನಿ ಅಣೆಕಟ್ಟೆಯ ನೀರು ತೀರಾ ಇಳಿದಾಗ ಮಾತ್ರ ಕಾಣುವ ಕಲ್ಲು ಅದು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಈ ಸಲ ಇಡೀ ಊರೇ ಮೇಲೆ ಬಂದಿತ್ತು. ವಯನಾಡಿನ ಕಡೆ ಮಳೆ ಹಿಡಿಯಿತೆಂದರೆ ಕಲ್ಲೂ ಹೋಯಿತು, ಶಿಬಿರವೂ ಹೋಯಿತು.

ಮರುದಿನ ಬೆಳಿಗ್ಗೆ ಮೀನು ಹಿಡಿಯುವ ಕುಳ್ಳಯ್ಯನ ತೆಪ್ಪದಲ್ಲಿ ದೊಡ್ಡವ್ವ, ಪವಿತ್ರಾ ಇಬ್ಬರೂ ಹೊರಟರು. ಪವಿತ್ರಾಳ ಕೊರಳಲ್ಲಿ ಗೆಳತಿಯಿಂದ ಎರವಲು ತಂದ ಕ್ಯಾಮೆರಾ ಇತ್ತು, ಚೀಲದಲ್ಲಿ ಅಳತೆ ಟೇಪು.

'ಚೆಲುವಕ್ಕ, ಕೂಸು ಕಪ್ಪು ಕನ್ನಡಕ ಹಾಕ್ಕೊಂಡದಲ್ಲ, ನಮ್ಮ ಹಳೇ ಊರು ಅಷ್ಟೊಂದು ಹೊಳೀತದಾ?' ಎಂದ ಕುಳ್ಳಯ್ಯ ಹುಟ್ಟು ಹಾಕುತ್ತ.

'ಸುಮ್ಕಿರೋ. ಅವಳು ಗೋವಾಕ್ಕೆ ಅಂತ ತಗೊಂಡಿದ್ದು. ಇಲ್ಲಾದ್ರೂ ಹಾಕ್ಕೊಳ್ಳಿ ಬುಡು' ಎಂದಳು ಚೆಲುವಮ್ಮ.

ಪವಿತ್ರಾ ಕನ್ನಡಕ ತೆಗೆದು ಚೀಲಕ್ಕೆ ಹಾಕಿದಳು.

ತೆಪ್ಪ ತಾಗಿದ್ದು ಮರಳಿಗೆ. ಮರಳು ಹತ್ತಿದರೆ ಒಡೆದ ಕೆಸರಿನ ಬಯಲು, ಅದರಾಚೆ ಊರು. ಊರು ಎಂದರೆ ಮೊಣಕಾಲೆತ್ತರದ ಕಲ್ಲಿನ ಪಾಯಗಳು, ಅಲ್ಲಲ್ಲಿ ಮಗುಚಿದ ಒರಳು. ಮಣ್ಣಿನ ಗೋಡೆಗಳು ಕರಗಿ ಎಷ್ಟೋ ವರ್ಷಗಳಾಗಿದ್ದವು. ಪವಿತ್ರಾ ಒಂದು ಪಾಯವನ್ನು ದಾಟಿ ನೇರವಾಗಿ ನಡೆದಳು.

'ಅಯ್ಯೋ ನಿನ್ನ, ಗೋಡೆ ಹಾಯ್ಕೊಂಡು ಓಯ್ತಾ ಇದ್ದೀಯಲ್ಲೇ' ಎಂದಳು ಚೆಲುವಮ್ಮ. 'ಅದು ನಮ್ಮ ಅಡಿಗೆಮನೆ ಕಣವ್ವ. ಇಂದಕ್ಕೆ ಬಾ. ಬಾಗಿಲು ಈ ಕಡೆಗೈತೆ.'

'ಎಲ್ಲಿದೆ ದೊಡ್ಡವ್ವ ಬಾಗಿಲು?'

ಚೆಲುವಮ್ಮ ಪಾಯದ ಸಾಲಿನಲ್ಲಿ ಬಿಟ್ಟಿದ್ದ ಒಂದು ಗಂಡಿಯನ್ನು ತೋರಿಸಿ, ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿಕೊಂಡು ಒಳಗೆ ಹೋದಳು. ಬಾಗಿಲು ಗಿಡ್ಡವಾಗಿತ್ತಂತೆ. ನಡುಮನೆ, ಕೊಟ್ಟಿಗೆ, ಬಚ್ಚಲು ಎಲ್ಲವನ್ನೂ ತೋರಿಸಿದಳು. ಪವಿತ್ರಾ ಹಿಂದೆ ಹಿಂದೆಯೇ ಬಾಗಿಲಿನಿಂದ ಬಾಗಿಲಿಗೆ ನಡೆದು, ಕೊನೆಗೆ ಕೇಳಿದಳು:

'ವೀರಗಲ್ಲು ಎಲ್ಲಿ?'

ಚೆಲುವಮ್ಮ ಗಲ್ಲ ಎತ್ತಿ ಪಕ್ಕದ ಮನೆಯ ಕಡೆ ತೋರಿಸಿದಳು. ಆ ಮನೆಯ ಹಿತ್ತಿಲಲ್ಲಿ, ಪಾಯದ ಸಾಲಿನಲ್ಲೇ, ಒಂದಾಳೆತ್ತರದ ಕಲ್ಲು ನಿಂತಿತ್ತು. ಇತ್ತ ಕಾಣುತ್ತಿದ್ದುದು ಅದರ ಒರಟು ಬೆನ್ನು. ಕೆತ್ತನೆಯೆಲ್ಲ ಒಳಮುಖವಾಗಿತ್ತು. ಪವಿತ್ರಾ ಕ್ಯಾಮೆರಾದ ಮುಚ್ಚಳ ತೆಗೆದು ಹೊರಟಳು. ಚೆಲುವಮ್ಮ ಅವಳ ರಟ್ಟೆ ಹಿಡಿದಳು.

'ಅಲ್ಲಿಗೆ ಓಗಂಗಿಲ್ಲ. ಅದು ವೀರಮ್ಮನ ಮನೆ.'

ವೀರಮ್ಮ ಚೆಲುವಮ್ಮನ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಊರು ಮುಳುಗುವುದಕ್ಕೆ ಮುಂಚೆ ಒಂದು ಯುಗಾದಿಯಲ್ಲಿ ಚೆಲುವಮ್ಮ ಒಂದು ಪಾತ್ರೆ ತುಂಬ ಒಬ್ಬಟ್ಟು ಕಳಿಸಿದ್ದಳು. ವೀರಮ್ಮ ಪಾತ್ರೆಯನ್ನು ಖಾಲಿಯಾಗಿ ವಾಪಸು ಮಾಡಿದಳು. ಒಂದು ಚೂರು ಬೆಲ್ಲವನ್ನಾದರೂ ಹಾಕದೆ ಪಾತ್ರೆ ಹಿಂದಿರುಗಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಚೆಲುವಮ್ಮ ಬೀದಿಯಲ್ಲಿ ನಿಂತು, ನಾನಾಗಲಿ ನನ್ನೋರಾಗಲಿ ನಿನ್ನ ಹೊಸಿಲು ತುಳಿಯೋದಿಲ್ಲ, ಮಾದಪ್ಪನಾಣೆ ಎಂದಿದ್ದಳು. ಆಮೇಲೆ ನೀರು ಬಂತು. ಒಬ್ಬಳು ಅಂತರಸಂತೆಗೆ, ಇನ್ನೊಬ್ಬಳು ಆಚೆ ದಡದ ಪುನರ್ವಸತಿ ಊರಿಗೆ ಹೋದರು. ಆಣೆ ಮಾತ್ರ ಮುಳುಗಲಿಲ್ಲ.

'ದೊಡ್ಡವ್ವ, ಅಲ್ಲಿ ಮನೆಯೇ ಇಲ್ಲವಲ್ಲ' ಎಂದಳು ಪವಿತ್ರಾ.

'ಇಲ್ದೆ ಏನು? ಅಗೋ ಜಗುಲಿ, ಅಗೋ ನಡುಮನೆ. ಕಾಲೇಜಿಗೆ ಓಯ್ತೀಯ, ಕಣ್ಣು ಕಾಣಕ್ಕಿಲ್ವಾ?'

'ನಾನು ಸಾಲಿಗ್ರಾಮದವಳು. ನಿಮ್ಮ ಆಣೆ ನನಗೆ ಹೇಗೆ ತಗಲುತ್ತೆ?'

'ನನ್ನ ತಂಗಿ ಮಗಳು ನನ್ನೋಳಲ್ವಾ? ಅಲ್ಲ ಅಂದ್ರೆ ಹೇಳ್ಬುಡು, ಈಗ್ಲೇ ನಿಮ್ಮವ್ವನಿಗೆ ಫೋನ್ ಮಾಡಿಸ್ತೀನಿ.'

ಪವಿತ್ರಾ ಕಲ್ಲಿನ ಬೆನ್ನಿನದೊಂದು ಫೋಟೋ ತೆಗೆದಳು. ಅದನ್ನು ತೋರಿಸಿದರೆ ಬಟ್ಟೆ ಒಗೆಯುವ ಕಲ್ಲು ಎಂದು ಯಾರಾದರೂ ಹೇಳುವಂತಿತ್ತು. ಹಿತ್ತಿಲ ಕಡೆಯಿಂದ ಬಗ್ಗಿ ನೋಡೋಣವೆಂದರೆ ಅಲ್ಲೂ ಪಾಯವಿತ್ತು, ಅದನ್ನು ದಾಟುವುದೆಂದರೆ ಕಳ್ಳರ ಹಾಗೆ ಗೋಡೆ ಹಾರಿದಂತೆ ಎಂದು ಚೆಲುವಮ್ಮ ತೀರ್ಪು ಕೊಟ್ಟಳು.

ಮರಳಿನ ಮೇಲೆ ಬಲೆ ಬಿಡಿಸುತ್ತ ಕೂತಿದ್ದ ಕುಳ್ಳಯ್ಯ ಕೂಗಿದ: 'ಮನೆಯೋರನ್ನೇ ಕೇಳ್ರವ್ವ. ಅಕೋ ಅಲ್ಲವ್ರೆ.'

ದ್ವೀಪದ ಇನ್ನೊಂದು ತುದಿಯಲ್ಲಿ, ನೀರು ಬಿಟ್ಟ ನೆಲದಲ್ಲಿ ಯಾರೋ ಕಲ್ಲಂಗಡಿ ಬಳ್ಳಿ ಹಾಕಿದ್ದರು. ಅಲ್ಲಿ ಬಗ್ಗಿದ್ದ ಮುದುಕಿ ವೀರಮ್ಮ. ಚೆಲುವಮ್ಮ ಬಂದಾಗಿನಿಂದ ಆ ದಿಕ್ಕಿಗೆ ಮುಖ ತಿರುಗಿಸದೆ ಇದ್ದದ್ದು ಯಾಕೆಂದು ಪವಿತ್ರಾಳಿಗೆ ಈಗ ತಿಳಿಯಿತು. ಅವಳು ಓಡಿಹೋಗಿ ವಿಷಯ ಹೇಳಿದಳು. ವೀರಮ್ಮ ಕೈಯ ಮಣ್ಣು ಕೊಡವಿ, ಒಂದು ಹಣ್ಣು ಕಂಕುಳಿಗಿಟ್ಟುಕೊಂಡು ಬಂದು, ಸುತ್ತಿ ಬಳಸಿ ತನ್ನ ಬಾಗಿಲಿನಿಂದಲೇ ಒಳಗೆ ಹೋಗಿ ಜಗುಲಿಯ ಕಲ್ಲಿನ ಮೇಲೆ ಕೂತಳು. ಎರಡು ಮನೆಗಳ ನಡುವೆ ಒಂದು ಓಣಿಯ ಅಂತರ.

'ಕೂಸೇ, ನಿಮ್ಮ ದೊಡ್ಡವ್ವನ್ನ ಕೇಳು, ಬಿಸ್ಲಲ್ಲಿ ಯಾಕೆ ನಿಂತವಳೆ ಅಂತ.'

ಚೆಲುವಮ್ಮ ಆಕಾಶ ನೋಡುತ್ತ ಪವಿತ್ರಾಳಿಗೆ ಹೇಳಿದಳು: 'ಹೇಳವ್ವ, ನಮ್ಮ ಮನೇಲಿ ನಾವು ನಿಂತಿದ್ದೀವಿ ಅಂತ.'

'ಸೂರಿಲ್ದ ಮನೇಲಿ ಅಂತ ಹೇಳು.'

'ಅವಳ ಮನೆಗೆ ಮಾಳಿಗೆ ಐತಾ ಅಂತ ಕೇಳು.'

ಓಣಿಯ ನಡುವೆ ನಿಂತ ಪವಿತ್ರಾ ಅತ್ತಿತ್ತ ಕತ್ತು ತಿರುಗಿಸಿ ಸೋತಳು. 'ಇಬ್ಬರೂ ಕೇಳಿ. ನನಗೆ ಆ ಕಲ್ಲಿನ ಒಂದು ಫೋಟೋ ಬೇಕು. ಅದಿಲ್ಲದೆ ಹೋದರೆ ನನ್ನನ್ನು ಶಿಬಿರಕ್ಕೆ ಸೇರಿಸಲ್ಲ. ಹೋದ ವರ್ಷವೂ ಸೇರಿಸಲಿಲ್ಲ' ಎಂದಳು.

ವೀರಮ್ಮ ಕಂಕುಳಿನ ಹಣ್ಣನ್ನು ಜಗುಲಿಯ ಮೇಲಿಟ್ಟಳು. 'ಅವಳು ಆಣೆ ಇಟ್ಟಿದ್ದು ಯಾವುದಕ್ಕೆ, ಕೇಳು.'

'ನಿನ್ನ ಹೊಸಿಲಿಗೆ' ಎಂದಳು ಚೆಲುವಮ್ಮ. ನೇರವಾಗಿ ಮಾತಾಡಿಬಿಟ್ಟೆನೆಂದು ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

'ನನ್ನ ಹೊಸಿಲು ಇಲ್ಲೆಲ್ಲೈತೆ ಕಣೇ? ಹಲಸಿನ ಮರದ್ದು. ಊರು ಬುಡುವಾಗ ಕದ, ತೊಲೆ, ಹೊಸಿಲು ಎಲ್ಲಾ ಕೀಳ್ಸಿ ಗಾಡಿಗೆ ಏರಿಸ್ಲಿಲ್ವಾ? ಹೊಸ ಮನೆಗೆ ಹಾಕ್ಸಿವ್ನಿ. ದಿನಾ ಅರಿಶಿನ ಬಳೀತೀನಿ. ಇದು ಬರೀ ಗಂಡಿ.'

ಚೆಲುವಮ್ಮ ಓಣಿ ದಾಟಿ ಬಂದು ಗಂಡಿಯ ಮುಂದೆ ನಿಂತಳು. ಬಗ್ಗಿ ನೋಡಿದಳು. ಹೆಬ್ಬೆರಳಿನಿಂದ ಕೆಸರು ಕೆದಕಿದಳು. ಮರದ ಒಂದು ಚಕ್ಕೆಯೂ ಇರಲಿಲ್ಲ. ಕುಳ್ಳಯ್ಯ ಬಲೆ ಬಿಟ್ಟು ಎದ್ದು ಬಂದು ತಾನೂ ನೋಡಿದ.

'ಇಲ್ಲ ಕಣಕ್ಕ. ನಾನು ಸಾಕ್ಷಿ. ಮಾದಪ್ಪ ಕೇಳಿದ್ರೂ ಇದೇ ಹೇಳ್ತೀನಿ.'

'ನಿನ್ನ ಸಾಕ್ಷಿ ಯಾವೋನು ಕೇಳ್ದ?' ಎನ್ನುತ್ತಲೇ ಚೆಲುವಮ್ಮ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದಳು. ಪವಿತ್ರಾಳೂ ತಲೆ ಬಗ್ಗಿಸಿದಳು.

ಕೆತ್ತನೆ ಚೆನ್ನಾಗಿ ಉಳಿದಿತ್ತು. ಕೆಳಗೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಪವಿತ್ರಾ ಟೇಪು ಹಿಡಿದು ಅಳತೆ ಬರೆದುಕೊಂಡಳು. ಎತ್ತರ ಗೊತ್ತಾಗಲೆಂದು ದೊಡ್ಡವ್ವನನ್ನು ಕಲ್ಲಿನ ಬಲಕ್ಕೆ ನಿಲ್ಲಿಸಿದಳು. ನನ್ನ ಹಿತ್ತಿಲ ಕಲ್ಲಿಗೆ ಅವಳೊಬ್ಬಳೇ ಯಾಕೆ ಎಂದು ವೀರಮ್ಮ ಎಡಕ್ಕೆ ಬಂದು ನಿಂತಳು. ಆ ಫೋಟೋದಲ್ಲಿ ಅಪ್ಸರೆಯರಿಗಿಂತ ವಾರಗಿತ್ತಿಯರೇ ಎದ್ದು ಕಂಡರೂ, ಕಲ್ಲು ಸ್ಪಷ್ಟವಾಗಿ ಬಂದಿತ್ತು. ಶಿಬಿರದ ಆಯ್ಕೆಗೆ ಅಷ್ಟು ಸಾಕಾಯಿತು.

ಬಿಸಿಲು ಏರಿತು. ವೀರಮ್ಮ ಕಲ್ಲಂಗಡಿಯನ್ನು ಜಗುಲಿಗೆ ಕುಟ್ಟಿ ಒಡೆದು ಮೊದಲ ಹೋಳನ್ನು ವಾರಗಿತ್ತಿಯ ಕೈಗಿಟ್ಟಳು. ಇಬ್ಬರೂ ನಡುಮನೆ ಇದ್ದ ಜಾಗದಲ್ಲಿ ಕೂತು ತಿಂದರು. ಬೀಜವನ್ನು ಮಾತ್ರ ಗೋಡೆಯಾಚೆಗೇ ಉಗಿದರು.

ಹೊರಡುವಾಗ ವೀರಮ್ಮ ಮರಳಿನ ತನಕ ಬಂದಳು. 'ಒಂದ್ಸಲ ಮನೆಗೆ ಬಾ ಮತ್ತೆ. ಈಗೇನು, ಬಸ್ಸೈತೆ.'

'ಅದೆಂಗಾದದು?' ಎಂದಳು ಚೆಲುವಮ್ಮ ತೆಪ್ಪಕ್ಕೆ ಕಾಲಿಡುತ್ತ. 'ಅಲ್ಲಿ ಹೊಸಿಲೈತಲ್ಲ. ಇನ್ನೊಂದ್ಸಲ ನೀರು ಇಳೀಲಿ ಬುಡು, ಇಲ್ಲಿಗೇ ಬತ್ತೀನಿ.'