ದುಂಡು ಮೇಜು

"ಇದನ್ನ ಯಾರು ಇಲ್ಲಿ ಇಟ್ಟಿದ್ದು?" ಎಂದರು ರಾಯಭಾರಿಗಳು. ಉದ್ದನೆಯ ಊಟದ ಮೇಜಿನ ತಲೆಭಾಗದಲ್ಲಿ, ತಮ್ಮ ಹೆಸರಿನ ಕಾರ್ಡಿಗೆ ಒತ್ತಿಕೊಂಡೇ, ಹೆಂಡತಿಯ ಹೆಸರಿನ ಕಾರ್ಡು ನಿಂತಿತ್ತು.

"ನಾನೇ ಇಟ್ಟೆ," ಎಂದಳು ಹೆಂಡತಿ, ಕಿಟಕಿಯ ಹತ್ತಿರ ನಿಂತು ಹೂವಿನ ಕಾಂಡ ಕತ್ತರಿಸುತ್ತಾ. "ನಿಮ್ಮ ನೌಕರಿಯ ಕೊನೇ ಔತಣ. ಒಂದು ಸಲ ಪಕ್ಕದಲ್ಲಿ ಕೂತ್ಕೊಂಡ್ರೆ ಆಕಾಶವೇನೂ ಕಳಚಿ ಬೀಳಲ್ಲ."

"ಗಂಡ ಹೆಂಡತೀನ ಪಕ್ಕಪಕ್ಕ ಕೂರಿಸೋ ಹಾಗಿಲ್ಲ ಕಣೇ. ನಿಂಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು! ಮದುವೆ ಆದಾಗಿಂದ ಬೇರೆಯವರ ಗಂಡಂದಿರ ಪಕ್ಕದಲ್ಲೇ ತಾನೇ ಊಟ ಮಾಡಿದ್ದು. ಅವರ ಮಂಡಿ ನೋವು, ಅವರ ನಾಯಿ, ಅವರ ಮೀನು ಹಿಡಿಯೋ ಹುಚ್ಚು, ಎಲ್ಲಾ ನಂಗೆ ಬಾಯಿಪಾಠ. ನಿಮ್ಮ ಮಂಡಿ ನೋಯ್ತಿದೆ ಅನ್ನೋದು ಡಾಕ್ಟರ್ ಹೇಳಿದ ಮೇಲೆ ಗೊತ್ತಾಯ್ತು ನಂಗೆ."

ರಾಯಭಾರಿಗಳು ನಕ್ಕರು. ನಗುತ್ತಲೇ ಆ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಮೇಜಿನ ಉದ್ದಕ್ಕೂ ನಡೆದು, ಆಚೆ ತುದಿಯಲ್ಲಿ ಇಟ್ಟರು. ಮನೆಯೊಡತಿಯ ಜಾಗ ಅದು. ಅವಳ ಬಲಕ್ಕೆ ಮುಖ್ಯ ಅತಿಥಿ, ಅಂದರೆ ಸ್ವದೇಶದ ರಾಜಧಾನಿಯಿಂದ ಬಂದಿದ್ದ ಮಂತ್ರಿ. ಯಾರನ್ನು ಎಲ್ಲಿ ಕೂರಿಸಬೇಕು, ಯಾರ ಕಾರು ಮೊದಲು ಬರಬೇಕು, ಹೂವು ಎಷ್ಟು ಎತ್ತರ ಇರಬೇಕು ಎಂದು ಇಡೀ ಇಲಾಖೆಗೆ ಪಾಠ ಹೇಳಿಕೊಟ್ಟವರು ರಾಯಭಾರಿಗಳು. ಬೆನ್ನ ಹಿಂದೆ ಎಲ್ಲರೂ ಅಳತೆಕೋಲು ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

"ಇರಲಿ ಬಿಡಿ," ಎಂದಳು ಹೆಂಡತಿ. "ಮನೇಲಿ ದುಂಡು ಮೇಜು ಮಾಡಿಸಿದ್ದೀನಿ. ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಅಲ್ಲಿ ನನ್ನ ಎಲ್ಲಿ ಕೂರಿಸ್ತೀರೋ ನೋಡ್ತೀನಿ."

ಮನೆ ಅಂದರೆ ತಮ್ಮ ದೇಶದಲ್ಲಿದ್ದ ಸ್ವಂತ ಮನೆ. ಕಟ್ಟಿಸಿದ್ದು ಇವರು, ಬಾಳಿದ್ದು ಬಾಡಿಗೆಯವರು. ಈಗ ಅವರು ಖಾಲಿ ಮಾಡಿದ್ದರು. ಬಡಗಿ ಮಾಡಿಕೊಟ್ಟ ಮೇಜು, ಎರಡೇ ಎರಡು ಕುರ್ಚಿ ಅಡುಗೆಮನೆಯ ಕಿಟಕಿಯ ಕೆಳಗೆ ಬಂದು ಕೂತಿದ್ದವು. ಮನೆ ತೆರೆದು ಗುಡಿಸಿ ಒರೆಸಲು ಅವಳು ಇವತ್ತು ಸಂಜೆಯ ವಿಮಾನಕ್ಕೇ ಹೊರಟಿದ್ದಳು. ಮಧ್ಯಾಹ್ನದ ಈ ಊಟ ಮುಗಿದ ಕೂಡಲೇ ವಿಮಾನ ನಿಲ್ದಾಣ. ರಾಯಭಾರಿಗಳು ಅಧಿಕಾರ ವಹಿಸಿಕೊಟ್ಟು ಮುಂದಿನ ವಾರ ಬರುವುದೆಂದು ಮಾತು.

ಆದರೂ ಅವಳ ಎದೆಯಲ್ಲಿ ಒಂದು ಅಳುಕು. ಹೋದ ವಾರ ಮಂತ್ರಿ ಫೋನಿನಲ್ಲಿ, "ನಿವೃತ್ತಿಗೆ ಏನ್ರೀ ಅಷ್ಟು ಅವಸರ? ಬಂದಾಗ ಮಾತಾಡೋಣ" ಎಂದಿದ್ದರು.

"ಅವರು ಕೇಳಿದ್ರೆ ಏನಂತೀರಿ?" ಎಂದಳು ಕತ್ತರಿ ಕೆಳಗಿಟ್ಟು.

"ಆಗಲ್ಲ ಅಂತೀನಿ."

"ಎಲ್ಲಿ, ಅವರಿಗೆ ಹೇಳೋ ಹಾಗೆ ಹೇಳಿ."

ರಾಯಭಾರಿಗಳು ಕೋಟಿನ ಗುಂಡಿ ಹಾಕಿಕೊಂಡರು. "ತಮ್ಮ ವಿಶ್ವಾಸಕ್ಕೆ ನಾನು ಚಿರಋಣಿ. ಆದರೆ ಸದ್ಯದ ಪರಿಸ್ಥಿತಿಯಲ್ಲಿ..."

"ಅಯ್ಯೋ, ಅದಲ್ಲ ರೀ! ಬರೀ ಆಗಲ್ಲ ಅನ್ನಿ."

"ಆಗಲ್ಲ," ಎಂದರು ಅವರು. ಯಾರದೋ ಬಾಯಿಂದ ಬಂದ ಹಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು ಒದ್ದೆ ಕೈಯಲ್ಲೇ ಅವರ ಕೈ ಹಿಡಿದುಕೊಂಡು, "ಮಾತು ಕೊಡಿ" ಎಂದಳು. ಕೊಟ್ಟರು.

ಊಟ ಸರಾಗವಾಗಿ ನಡೆಯಿತು. ಮಂತ್ರಿ ರಾಯಭಾರಿಗಳನ್ನು ಪಕ್ಕಕ್ಕೆ ಕರೆದು ಏನೂ ಕೇಳಲಿಲ್ಲ. ಸದ್ಯ, ಗಂಡಾಂತರ ತಪ್ಪಿತು ಅಂದುಕೊಂಡು ಅವರು ಸಿಹಿಗೆ ಚಮಚ ಹಾಕಿದರು. ಆಗ ಆಚೆ ತುದಿಯಿಂದ ಗಾಜಿನ ಲೋಟಕ್ಕೆ ಚಮಚ ತಾಗಿದ ಸದ್ದು. ಮಂತ್ರಿ ಎದ್ದು ನಿಂತಿದ್ದರು.

"ಇಂಥವರನ್ನ ಮನೆಗೆ ಕಳಿಸಿ ನಾವೇನು ಕಡ್ಲೆಕಾಯಿ ತಿನ್ನೋಣ್ವಾ? ನಿವೃತ್ತಿಯ ಮಾತು ಬಿಟ್ಟುಬಿಡಿ. ಮುಂದಿನ ತಿಂಗಳು ಇವರು ಇನ್ನೂ ದೊಡ್ಡ ರಾಯಭಾರ ಕಚೇರಿಗೆ ಹೊರಡ್ತಾರೆ. ಮೂರು ವರ್ಷಕ್ಕೆ. ನಮ್ಮ ರಾಯಭಾರಿಗಳಿಗೆ ಅಭಿನಂದನೆ!"

ಅತಿಥಿಗಳಾಗಿ ಬಂದಿದ್ದ ಆ ಪರದೇಶದ ಅಧಿಕಾರಿಗಳು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಮೇಜು.

ರಾಯಭಾರಿಗಳಿಗೆ ಈ ಪಟ್ಟು ಹೊಸದಲ್ಲ. ಹೊಸ ಅಧಿಕಾರಿಗಳಿಗೆ ತಾವೇ ಹೇಳಿಕೊಟ್ಟಿದ್ದು: ಒಪ್ಪಲಿಕ್ಕಿಲ್ಲ ಅಂತ ಅನುಮಾನ ಇದ್ದವರನ್ನ ಒಬ್ಬರೇ ಇದ್ದಾಗ ಕೇಳಬೇಡಿ, ಅತಿಥಿಗಳ ಮುಂದೆ ಅಭಿನಂದಿಸಿಬಿಡಿ. ಮಂತ್ರಿಯ ಕಾರ್ಯದರ್ಶಿ ಅವರದೇ ಶಿಷ್ಯೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಭಿನಂದಿಸಿದಾಗ ಎದ್ದು ವಂದನೆ ಹೇಳಲೇಬೇಕು, ಹೇಳಿದರೆ ಒಪ್ಪಿದ ಹಾಗೆ. ಪರದೇಶದವರ ಎದುರು ಆಗಲ್ಲ ಅಂದರೆ ಸ್ವಂತ ಸರ್ಕಾರದ ಮೂಗು ಕೊಯ್ದ ಹಾಗೆ.

ಎದ್ದು ನಿಂತರು. ಹೂವು ಕಣ್ಣಿನ ಮಟ್ಟ ದಾಟಬಾರದು ಅಂತ ಅವರೇ ಹೇಳಿದ್ದರಿಂದ ಹೆಂಡತಿಯ ಮುಖ ಚೆನ್ನಾಗಿ ಕಾಣುತ್ತಿತ್ತು. ಪಾಠ ಮರೆತ ಮಗುವಿಗೆ ಹೇಳಿಕೊಡುವ ಹಾಗೆ ಅವಳ ತುಟಿ ಅಲುಗಿತು. ಆಗಲ್ಲ. ಆಗಲ್ಲ ಅನ್ನಿ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಸುಳ್ಳು ಯಾಕೆ, ಆ ಸದ್ದಿಗೆ ಅವರ ಮನಸ್ಸಿನ ಮೂಲೆಯೊಂದು ಹಿಗ್ಗಿತು ಕೂಡ.

"ತಮ್ಮ ವಿಶ್ವಾಸಕ್ಕೆ ನಾನು ಚಿರಋಣಿ," ಎಂದರು.

ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದಿದ್ದ 'ಆದರೆ' ಈಗ ಬರಲಿಲ್ಲ. ಕೂತುಬಿಟ್ಟರು.

"ಅಮ್ಮಾ, ನಿಮಗೂ ಅಭಿನಂದನೆ," ಎಂದು ಮಂತ್ರಿ ಅವಳ ಕಡೆ ಬಾಗಿದರು. ಅವಳು ನಕ್ಕಳು. "ನಿಮಗೆ ಇನ್ನೊಂದು ಸ್ವಲ್ಪ ಕಾಫಿ?" ಎಂದಳು.

ಊಟವಾದ ಮೇಲೆ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬೀಳ್ಕೊಡುವುದು ಗಂಡ ಹೆಂಡತಿ ಇಬ್ಬರ ಕೆಲಸ. ಅವರ ಎಡಗಡೆ ಜಾಗ ಖಾಲಿ ಇತ್ತು. ಶಾಲು ತರಲು ಒಳಗೆ ಹೋಗಿದ್ದಾಳೆ ಅಂದುಕೊಂಡು ಒಬ್ಬರೇ ಕೈಕುಲುಕತೊಡಗಿದರು. "ತಾವು ಬಂದಿದ್ದು ನಮ್ಮ ಭಾಗ್ಯ." ಪ್ರತಿಯೊಬ್ಬರಿಗೂ ಅದೇ ಮಾತು, ಅದೇ ಅರ್ಧ ಬಾಗು. ಬಾಯಿ ತನ್ನ ಪಾಡಿಗೆ ಅದನ್ನು ಹೇಳುತ್ತಿದ್ದರೆ, ತಲೆ ಹೆಂಡತಿಗೆ ಹೇಳುವ ಸಮಾಧಾನ ಹೊಂದಿಸುತ್ತಿತ್ತು. ಮಂಡಿಯ ನೆಪ ಹೇಳಿದರೆ ಹೇಗೆ? ಮೂರು ವರ್ಷ ಅಂದಿದ್ದನ್ನು ಎರಡಕ್ಕೆ ಇಳಿಸಬಹುದು. ದುಂಡು ಮೇಜನ್ನೇ ಅಲ್ಲಿಗೆ ತರಿಸಿಕೊಂಡರಾಯಿತು.

ಮಂತ್ರಿ ಹೋದರು. ಒಬ್ಬ ಮುದಿ ನ್ಯಾಯಾಧೀಶರು ಕೋಲೂರಿಕೊಂಡು ಹೋದರು. ಅವರ ಹಿಂದೆ ಇನ್ನೊಂದು ಕೈ ಬಂತು. ತಣ್ಣಗಿತ್ತು, ಹೂವಿನ ಕಾಂಡದ ವಾಸನೆ ಹೊಡೆಯುತ್ತಿತ್ತು.

"ಊಟ ಚೆನ್ನಾಗಿತ್ತು. ಬರ್ತೀನಿ."

"ತಾವು ಬಂದಿದ್ದು ನಮ್ಮ ಭಾಗ್ಯ," ಅಂದುಬಿಟ್ಟರು ರಾಯಭಾರಿಗಳು.

ಅಂದಮೇಲೆ ತಲೆ ಎತ್ತಿದರು. ಹೆಂಡತಿ ಶಾಲು ಹೊದ್ದಿದ್ದಳು, ತೋಳಲ್ಲಿ ಕೈಚೀಲ ಇತ್ತು. ಅವಳು ಅವರ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ಬಿಟ್ಟು, ಮೆಟ್ಟಿಲು ಇಳಿದಳು. ಪೆಟ್ಟಿಗೆ ಆಗಲೇ ಕಾರಿನಲ್ಲಿತ್ತು. ಡ್ರೈವರ್ ಬಾಗಿಲು ಹಾಕಿದ.

ರಾಯಭಾರಿಗಳ ಕೈ ಮುಂದಿನ ಅತಿಥಿಗೆ ಚಾಚಿಕೊಂಡೇ ಇತ್ತು. ಸಾಲಿನಲ್ಲಿ ಇನ್ನು ಯಾರೂ ಇರಲಿಲ್ಲ.