ಸೇಜಿಮಳ ಅಕ್ಷರ

ರಾತ್ರಿಯೆಲ್ಲ ಸುರಿದ ಹಿಮ ಬೆಳಗಿನ ನಮಾಜಿನ ಹೊತ್ತಿಗೆ ನಿಂತಿತ್ತು. ಕಿರ್ಗಿಜ್ ನಾಡಿನ ಆತ್‌ಬಾಷಿಯ ಬೆಟ್ಟಗಳ ಮೇಲೆ ಮಾತ್ರ ಮಂಜು ಇನ್ನೂ ತೊಳೆಯದ ಉಣ್ಣೆಯ ಹಾಗೆ ಕೂತಿತ್ತು. ಅದರ ಅಂಚಿನಲ್ಲಿ ಬಿಸಿಲು ಬರಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಕೊಟ್ಟಿಗೆಯ ಪಕ್ಕದ ಕೆಲಸದ ಕೋಣೆಯಲ್ಲಿ ಎಸೆನ್‌ಕುಲ್ ಹಲಗೆಯ ಮೇಲೆ ಚಿನ್ನದ ಬಣ್ಣದ ಕುಂಚವನ್ನು ಕೊನೆಯ ಸಲ ಎಳೆದು, ಹಿಡಿದಿದ್ದ ಉಸಿರನ್ನು ಬಿಟ್ಟ.

"ಬಾ ಮಗಳೇ, ನೋಡು. ಹೇಗಿದೆ?"

ಮೊಮ್ಮಗಳು ಸೇಜಿಮ್ ಹೊಸ್ತಿಲ ಮೇಲೇ ನಿಂತು ನೋಡಿದಳು. ಒಳಗೆ ಕಾಲಿಡಲಿಲ್ಲ.

ಅವತ್ತು ಶಾಲೆಯಲ್ಲಿ ಅಕ್ಷರಹಬ್ಬ. ವರ್ಣಮಾಲೆಯ ಪುಸ್ತಕ ಮುಗಿಸಿದ ಒಂದನೆಯ ತರಗತಿಯ ಮಕ್ಕಳು ತಲೆಗೊಂದರಂತೆ ಅಕ್ಷರಗಳನ್ನು ಎದೆಗೆ ಕಟ್ಟಿಕೊಂಡು ಊರವರ ಮುಂದೆ ವೇದಿಕೆ ಹತ್ತುವ ದಿನ. ಟೀಚರ್ ಎಲ್ಲ ಮನೆಗಳಿಗೂ ಫೋನಿನಲ್ಲಿ ಮಾದರಿ ಕಳಿಸಿದ್ದರು. ಗುಂಡುಗುಂಡಗೆ ಕರಡಿಮರಿಗಳಂತಿದ್ದ ಅಕ್ಷರಗಳು. ಒಂದಕ್ಕೆ ಕಿವಿ, ಇನ್ನೊಂದಕ್ಕೆ ಹೊಟ್ಟೆ. ಅದನ್ನು ದೊಡ್ಡದಾಗಿ ಕತ್ತರಿಸಿ, ಬಣ್ಣ ತುಂಬಿ, ಹತ್ತಿ ಅಂಟಿಸಿಕೊಂಡು ಬರಬೇಕು. ಸೇಜಿಮಳ ಪಾಲಿಗೆ ಬಂದದ್ದು ಙ. ಅವರ ಲಿಪಿಯಲ್ಲಿ ಅದು ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ, ಬಲಗಾಲಿಗೆ ಪುಟ್ಟದೊಂದು ಬಾಲ. ಎಲ್ಲೋ ದೂರದಲ್ಲಿ ಕೂತು ಆ ಕರಡಿಮರಿ ಫಾಂಟನ್ನು ಬರೆದವರಿಗೆ ಕಿರ್ಗಿಜರ ಈ ಅಕ್ಷರದ ಪರಿಚಯವೇ ಇರಲಿಲ್ಲವೇನೋ, ಅದರ ಜಾಗದಲ್ಲಿ ಬರೀ ಖಾಲಿ ಚೌಕ ಬಂದಿತ್ತು. "ಇದೊಂದು ಮನೇಲೇ ಮಾಡ್ಕೊಂಡು ಬನ್ನಿ" ಎಂದು ಟೀಚರ್ ಕೈತೊಳೆದುಕೊಂಡಿದ್ದರು.

"ಎಲ್ಲರ ಅಕ್ಷರಕ್ಕೂ ಮುಖ ಇದೆ, ನಂದಕ್ಕೆ ಇಲ್ಲ" ಎಂದು ಅತ್ತ ಮೊಮ್ಮಗಳನ್ನು ಎಸೆನ್‌ಕುಲ್ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದ: "ಅಕ್ಷರ ಬರೆಯೋನು ಮನೇಲೇ ಇರುವಾಗ ನಿಂಗ್ಯಾಕೆ ಚಿಂತೆ?"

ಅದು ಜಂಬದ ಮಾತಲ್ಲ. ಆ ಕಣಿವೆಯ ಗೋರಿಕಲ್ಲುಗಳಲ್ಲಿ ಅರ್ಧಕ್ಕರ್ಧ ಅವನು ಕೆತ್ತಿದವು. ಬಿಸ್ಮಿಲ್ಲಾ ಎನ್ನದೆ ಉಳಿ ಮುಟ್ಟಿದವನಲ್ಲ. ಈ ಹಲಗೆಯನ್ನೂ ಹಾಗೆಯೇ ಶುರುಮಾಡಿ, ನುಣ್ಣಗೆ ಉಜ್ಜಿ, ಕಪ್ಪು ಬಳಿದು, ಅದರ ಮೇಲೆ ಕೂದಲೆಳೆಯಷ್ಟೂ ಓರೆಯಿಲ್ಲದ ಚಿನ್ನದ ಙ ಬರೆದಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಕಾಲಿಚಾ ಬ್ರೆಡ್ಡಿನ ಹುಳಿಹಿಟ್ಟು ಕೇಳಿಕೊಂಡು ಬಂದಳು. ಎಸೆನ್‌ಕುಲ್‌ಗೆ ಅವಳು ದೂರದ ಅಣ್ಣನೊಬ್ಬನ ಹೆಂಡತಿ, ಬಾಯಿ ಜೋರು. ಹಲಗೆಯನ್ನು ಕಂಡದ್ದೇ ಕೈಯ ಬಟ್ಟಲನ್ನು ಎದೆಗೆ ಒತ್ತಿಕೊಂಡಳು.

"ಅಯ್ಯೋ ದೇವರೇ! ಯಾರು ಹೋದರೋ?"

"ಯಾರೂ ಹೋಗಿಲ್ಲ ಅತ್ತಿಗೆ. ಮಗೂಗೆ. ಹಬ್ಬಕ್ಕೆ."

"ಹಬ್ಬಕ್ಕಾ? ಕೆಳಗೆ ಹುಟ್ಟಿದ ವರ್ಷ ಒಂದು ಬರೆದುಬಿಡು, ಸೀದಾ ಗುಡ್ಡದ ಮೇಲೆ ನೆಟ್ಟು ಬರೋಣ! ಆಡೋ ಮಗು ಎದೆಗೆ ಗೋರಿಕಲ್ಲು ಕಟ್ತೀಯಲ್ಲೋ, ನಿನಗೆ ಬುದ್ಧಿ ಇದೆಯಾ?" ದೃಷ್ಟಿ ತೆಗೆಯುವವಳಂತೆ ಹಲಗೆಯ ಕಡೆ ಥೂ ಥೂ ಎಂದು, ಹುಳಿಹಿಟ್ಟನ್ನೂ ಮರೆತು ಹೊರಟುಹೋದಳು.

ಎಸೆನ್‌ಕುಲ್ ಆಗ ತನ್ನ ಹಲಗೆಯನ್ನು ಬೇರೆಯವರ ಕಣ್ಣಿನಿಂದ ನೋಡಿದ. ಕಪ್ಪು, ಚಿನ್ನ, ನೆಟ್ಟಗೆ ನಿಂತ ಗೆರೆ. ಚೆಂದ ಮಾಡಬೇಕೆಂದಷ್ಟೇ ಅಂದುಕೊಂಡಿದ್ದ. ಅವನ ಕೈಗೆ ಗೊತ್ತಿದ್ದ ಚೆಂದ ಅದೊಂದೇ. ಮೆಲ್ಲಗೆ ಹಲಗೆಯನ್ನು ಗೋಡೆಯ ಕಡೆ ತಿರುಗಿಸಿಟ್ಟ.

"ತಾತ," ಸೇಜಿಮ್ ಅಳದೆ ಹೇಳಿದಳು, "ನಾನು ಹೋಗಲ್ಲ. ಹೊಟ್ಟೆನೋವು ಅಂತ ಹೇಳ್ಬಿಡಿ."

ಅತ್ತಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಓದು ಕಲಿತ ಮಗು ಊರೆದುರು ನಿಲ್ಲುವ ಮೊದಲ ದಿನ. ಅದನ್ನು ತಪ್ಪಿಸುತ್ತಿರುವುದು ತನ್ನದೇ ಕೈ.

ಸೊಸೆ ನೂರ್‌ಜಾತ್ ಹಾಲಿನ ಬಕೆಟ್ ಕೆಳಗಿಟ್ಟು ಸಂಗತಿ ಕೇಳಿದಳು. "ಹಬ್ಬ ಇರೋದು ಮಧ್ಯಾಹ್ನ ಅಲ್ವಾ ಮಾವ, ಇನ್ನೊಂದು ಮಾಡೋಣ" ಎಂದು ಜಮಖಾನ ಹೊಲಿದು ಉಳಿದಿದ್ದ ಹಳದಿ ಕಂಬಳಿಬಟ್ಟೆಯನ್ನು ತಂದು ಅಂಗಳದ ಗೋಡೆಗೆ ತೂಗುಹಾಕಿದಳು. ಎಸೆನ್‌ಕುಲ್ ಸೋಪಿನ ಚೂರಿನಿಂದ ಬರೆದ.

"ಮತ್ತೆ ಸಿಪಾಯಿ ಥರ ನಿಂತ್ಕೊಂಡುಬಿಡ್ತು" ಎಂದಳು ಸೇಜಿಮ್.

ಒರೆಸಿ ಇನ್ನೊಮ್ಮೆ ಬರೆದ. ಮತ್ತೆ ಸಿಪಾಯಿ.

"ನನ್ನ ಕೈಗೆ ಬಗ್ಗೋದು ಬರಲ್ಲ ಮಗಳೇ."

"ಬೆನ್ನಿಗೆ ಬರುತ್ತಲ್ಲ" ಎಂದುಬಿಟ್ಟಳು ನೂರ್‌ಜಾತ್. ಮಾವನ ಮುಂದೆ ಇಂಥ ಮಾತು ಆಡಿದೆನಲ್ಲ ಎಂದು ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದಳು. ಮುದುಕ ಹೆಗಲು ಕುಣಿಯುವಷ್ಟು ನಕ್ಕ.

ಆಗಲೇ ಮಂಜು ಸರಿದದ್ದು. ಓರೆಬಿಸಿಲು ಅಂಗಳಕ್ಕೆ ಬಿದ್ದು, ಹಳದಿ ಬಟ್ಟೆಯ ಮೇಲೆ ನಗುತ್ತಿದ್ದ ಮುದುಕನ ನೆರಳು ಮೂಡಿತು: ಉದ್ದಕ್ಕೆ, ಮುಂದಕ್ಕೆ ಬಾಗಿ, ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ.

"ತಾತ, ಅಲ್ಲಾಡ್ಬೇಡಿ!"

ಸೇಜಿಮ್ ಓಡಿಬಂದು ಅವನ ಬಲಕ್ಕೆ ನಿಂತು ಕೈ ಹಿಡಿದಳು. ಎರಡು ನೆರಳು, ನಡುವೆ ಇಳಿಜಾರಾಗಿ ಎರಡು ಕೈಗಳ ಪಟ್ಟಿ. ಅವಳ ಕೋಟಿನ ಬಿಚ್ಚಿದ ಬೆಲ್ಟು ಕಾಲ ಬಳಿ ಜೋತಾಡುತ್ತಿತ್ತು. ಬಾಲ!

"ಅಮ್ಮಾ, ನೋಡು, ನಾವೇ ಙ! ಬೇಗ ಬರಿ, ಬಿಸಿಲು ಹೋಗ್ಬಿಡತ್ತೆ!"

ನೂರ್‌ಜಾತ್ ಸೋಪಿನ ಚೂರು ಹಿಡಿದು ನೆರಳಿನ ಅಂಚಿನಲ್ಲೇ ಗೆರೆ ಎಳೆದಳು. "ಮಾವ, ಉಸಿರಾಡಬೇಡಿ, ಹೊಟ್ಟೆ ದಪ್ಪ ಬರುತ್ತೆ." "ಬರಲಿ ಬಿಡಮ್ಮ, ಕರಡಿಗಳ ಜೊತೆ ನಿಲ್ಲಬೇಕಲ್ಲ." ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ಎಸೆನ್‌ಕುಲ್ ಅದನ್ನು ಕತ್ತರಿಸಿದ, ಎಲ್ಲೆಲ್ಲಿ ಗೆರೆ ಡೊಂಕಾಗಿತ್ತೋ ಅಲ್ಲಲ್ಲಿ ಅವನ ಕೈ ತಾನಾಗಿ ನೆಟ್ಟಗೆ ಹೋಗಲು ನೋಡಿತು, ಸೇಜಿಮ್ ಬೆರಳು ಇಟ್ಟು ತಡೆದಳು. ಕೊನೆಗೆ ಎರಡು ಕಂಬದ ತುದಿಗೂ ಕುರಿಮರಿ ತುಪ್ಪಟದ ಕಿವಿ ಹೊಲಿಸಿಕೊಂಡೇ ಬಿಟ್ಟಳು.

ಹೊರಡುವಾಗ ಗೇಟಿನಲ್ಲಿ ಕಾಲಿಚಾ ಎದುರಾದಳು. ಆ ಊರ ರೂಢಿಯಲ್ಲಿ ಹೊಸದನ್ನು ಮೊದಲ ಸಲ ನೋಡಿದವರು ಏನಾದರೂ ಕೈಗಿಡದೆ ಹೋಗುವಂತಿಲ್ಲ. ಅದು ಹೊಸ ಸೊಸೆಯಾಗಲಿ, ಆಗಷ್ಟೇ ಹುಟ್ಟಿದ ಕೂಸಾಗಲಿ, ಹೊಲಿಸಿದ ಅಂಗಿಯಾಗಲಿ. ಸೇಜಿಮ್ ಅಡ್ಡ ನಿಂತಳು. "ಅಜ್ಜಿ, ನೋಡಿದ್ರಲ್ಲ? ಕಾಣಿಕೆ ಕೊಡಿ!"

ಮುದುಕಿ ಜೇಬುಗಳನ್ನೆಲ್ಲ ತಡಕಿದಳು. "ಹಿಟ್ಟಿನ ಪುಡಿ ಬಿಟ್ರೆ ಏನೂ ಇಲ್ಲ ಕಣೇ. ಸಾಲ ಇರಲಿ." ಆಮೇಲೆ ಅಕ್ಷರವನ್ನು ಹತ್ತಿರದಿಂದ ನೋಡಿ, "ಇವನ್ಯಾರು, ಗೂನುಬೆನ್ನಿನೋನು?" ಎಂದಳು.

"ತಾತ!"

"ಅದೇ ಅಂದ್ಕೊಂಡೆ. ಮೂಗು ಸಣ್ಣದು ಮಾಡಿ ಉಪಕಾರ ಮಾಡಿದೀರ."

ಶಾಲೆಯ ಸಭಾಂಗಣದಲ್ಲಿ ಒದ್ದೆ ಬೂಟುಗಳ, ಕರಿದ ಹಿಟ್ಟಿನ ವಾಸನೆ. ವೇದಿಕೆಯ ಮೇಲೆ ಕರಡಿಮರಿಗಳು ಸಾಲಾಗಿ ನಿಂತಿದ್ದವು. ನಾನು ಅ, ಅಲ್ಮಾ, ಅಂದರೆ ಸೇಬಿನ ಹಣ್ಣು, ನನ್ನಿಂದ ಶುರು. ನಾನು ಬ, ಬುಜೋ, ಅಂದರೆ ಎಳೆಗರು, ನನ್ನಿಂದ ಶುರು. ಒಬ್ಬೊಬ್ಬರಾಗಿ ಮುಂದೆ ಬಂದು ಹೇಳಿ ಹೋದರು. ಸೇಜಿಮಳ ಸರದಿ ಬಂತು. ಅವಳು ಮುಂದೆ ಬಂದು, ಬಾಯಿ ತೆರೆದು, ಹಾಗೇ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಎಸೆನ್‌ಕುಲ್‌ನ ತುಟಿ ಸದ್ದಿಲ್ಲದೆ ದೇವರ ಹೆಸರು ಹೇಳಿತು.

"ನಾನು ಙ" ಎಂದಳು ಕೊನೆಗೆ. "ನನ್ನಿಂದ ಯಾವುದೂ ಶುರುವಾಗಲ್ಲ." ಕಲಿತು ಬಂದ ಸಾಲು ಅಲ್ಲಿಗೇ ಮರೆತುಹೋಯಿತು. ತಲೆ ಬಗ್ಗಿಸಿ ಎದೆಯ ಮೇಲಿದ್ದದ್ದನ್ನು ನೋಡಿಕೊಂಡು, ಬೆರಳಿಟ್ಟು ತೋರಿಸಿದಳು. "ಇದು ನಮ್ಮ ತಾತ. ಇದು ನಾನು. ಕೈ ಹಿಡ್ಕೊಂಡಿದೀವಿ."

ಇಡೀ ಸಭಾಂಗಣವೇ ನಕ್ಕು ಚಪ್ಪಾಳೆ ತಟ್ಟಿತು. ಟೀಚರ್ ಕೂಡ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಅಲ್‌ಹಮ್ದುಲಿಲ್ಲಾ" ಎಂದ ಎಸೆನ್‌ಕುಲ್. ಬೆಳಗಿನಿಂದ ಬಿಗಿದುಕೊಂಡಿದ್ದ ಅವನ ಬೆರಳುಗಳು ಮಂಡಿಯ ಮೇಲೆ ಒಂದೊಂದಾಗಿ ಸಡಿಲವಾದವು. ಅಲ್ಲಿದ್ದವರಲ್ಲಿ ಬಹಳ ಜನರ ಮನೆಯವರ ಗೋರಿಕಲ್ಲು ಬರೆದವನು ಅವನು. ಅವರೆಲ್ಲ ತನ್ನ ಕಡೆ ತಿರುಗಿ ನಗುವುದನ್ನು ಅವನು ಈವರೆಗೆ ಕಂಡಿರಲಿಲ್ಲ.

ಹೊರಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ನೂರ್‌ಜಾತ್ ಮಗಳ ಕೋಟು ಸರಿಮಾಡುತ್ತಿದ್ದಾಗ ಕಾಲಿಚಾ ಜನರ ನಡುವಿನಿಂದ ಬಂದು, ಸೇಜಿಮಳ ಕೈ ಎಳೆದು, ಅಂಗೈಯಲ್ಲಿ ಏನೋ ಇಟ್ಟು, ಬೆರಳುಗಳನ್ನು ತಾನೇ ಮಡಿಸಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೊರಟಳು.

ಸೇಜಿಮ್ ಮುಷ್ಟಿ ಬಿಡಿಸಿದಳು. ಹಳೆಯ ಬೆಳ್ಳಿ ಗುಂಡಿ, ಇನ್ನೂ ಮೈಯ ಬಿಸಿ ಆರಿರಲಿಲ್ಲ. ಬೀದಿಯ ತಿರುವಿನಲ್ಲಿ ಮುದುಕಿ ಗಾಳಿಗೆ ಮುಖ ತಿರುಗಿಸಿದಾಗ, ಅವಳ ಮಖಮಲ್ಲಿನ ತೋಳಿಲ್ಲದ ಅಂಗಿಯ ಎದೆಯ ಮೇಲೆ ಕಿತ್ತ ದಾರದ ತುದಿಯೊಂದು ಅಲುಗುತ್ತಿತ್ತು.